ಮೂರು ಗೆರೆಯ ಮೀನು

ಅಮಾವಾಸ್ಯೆಯ ತರ್ಪಣ ಮುಗಿಸಿ, ಬೆರಳಿಗೆ ಅಂಟಿದ್ದ ಎಳ್ಳನ್ನು ತೊಳೆದುಕೊಂಡು, ಸುಂದರೇಶ ಒದ್ದೆ ಪಂಚೆಯಲ್ಲೇ ಚಾವಡಿಗೆ ಬಂದು ಸಮುದ್ರದ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ಸಮುದ್ರ ಅಂದರೆ ಕಿಟಕಿಯ ಪಕ್ಕದ ಮಂಚದ ಮೇಲೆ ಇಟ್ಟ, ಒಬ್ಬನೇ ಎತ್ತಲಾಗದಷ್ಟು ಭಾರದ ದಪ್ಪ ಗಾಜಿನ ತೊಟ್ಟಿ. ತಳದಲ್ಲಿ ಮಲ್ಪೆಯ ಮರಳು, ಮರಳಿನ ಮೇಲೆ ಮಲ್ಪೆಯದೇ ಕರಿಗಲ್ಲುಗಳು, ಶಂಖದೊಳಗೆ ಸಂಸಾರ ಹೂಡಿದ್ದ ಒಂದು ಏಡಿ, ಮತ್ತೆ ಮೀನು. ತೀರ್ಥಹಳ್ಳಿ ಯಾಕೆ, ಬೇಕಾದರೆ ಹೊಸನಗರ, ಸಾಗರಗಳನ್ನೂ ಸೇರಿಸಿಕೊಳ್ಳಿ, ಘಟ್ಟದ ಮೇಲೆ ಉಪ್ಪುನೀರಿನ ಮೀನನ್ನು ಜೀವಂತ ಇಟ್ಟುಕೊಂಡವನು ತಾನೊಬ್ಬನೇ ಎನ್ನುವುದರಲ್ಲಿ ಅವನಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಮೊದಲ ಸಲಕ್ಕೇ ಸಾಧಿಸಿದ್ದ. ಯಾರ ಹತ್ತಿರವೂ ಕೇಳಿರಲಿಲ್ಲ, ಕೇಳೋಣವೆಂದರೆ ಗೊತ್ತಿದ್ದವರೂ ಯಾರೂ ಇರಲಿಲ್ಲ. ಮೀನು ಬೆರಳುದ್ದದ್ದು, ಬೆಳ್ಳಿಯ ಮೈ, ಮೈಯುದ್ದಕ್ಕೂ ಬಾಗಿಸಿ ಎಳೆದ ಮೂರು ಕಪ್ಪು ಗೆರೆ. ಅವನು ಒಂದು ಕಾಳು ಮಂಡಕ್ಕಿಯನ್ನು ನೀರಿನ ಮೇಲೆ ಬಿಟ್ಟ. ಮೀನು ಮೇಲೆ ಬಂತು, ಮಂಡಕ್ಕಿಯನ್ನು ಬಾಯಿಗೆ ತಗೊಂಡಿತು, ಉಗುಳಿತು, ತಿರುಗಿ ಕಲ್ಲಿನ ಹತ್ತಿರ ಹೋಗಿ ಅವನ ಕಡೆಗೆ ಬಾಲ ಹಾಕಿ ನಿಂತಿತು. ಹುಡುಗರು ಪಾಠ ಒಪ್ಪಿಸುವುದಿಲ್ಲ ಎಂದು ಹಟ ಹಿಡಿದಾಗ ಬರುವ ಸಿಟ್ಟು ಅವನಿಗೆ ಬಂತು. ಇವತ್ತಲ್ಲ ನಾಳೆ ತಿನ್ನುತ್ತೀಯ, ಎಲ್ಲಿ ಹೋಗುತ್ತೀಯ, ಎಂದುಕೊಂಡ.

ಆ ತೊಟ್ಟಿ ಟೂರಿಂಗ್ ಟಾಕೀಸಿನವರು ಡೇರೆ ಕಿತ್ತುಕೊಂಡು ಹೋಗುವಾಗ ಬಿಟ್ಟುಹೋದ ದೊಡ್ಡ ಬ್ಯಾಟರಿಯ, ಆಸಿಡ್ ತುಂಬುವ ಗಾಜಿನ ಪಾತ್ರೆ. ಹೈಸ್ಕೂಲಿನ ಹಿಂದಿನ ಬಯಲಿನಲ್ಲಿ ಮಗುಚಿ ಬಿದ್ದಿದ್ದನ್ನು ಅವನೇ ನೋಡಿ, ಕಬ್ಬಿಣದ ಚೌಕಟ್ಟಿಲ್ಲ, ತುಕ್ಕಿನ ಭಯವಿಲ್ಲ, ಇದು ನನಗಾಗಿಯೇ ಕಾದು ಕೂತಿದೆ ಎಂದು ಹೊತ್ತು ತರಿಸಿ, ಆಸಿಡ್ಡಿನ ವಾಸನೆ ಹೋಗುವವರೆಗೆ ಸೋಡಾದ ನೀರಿನಲ್ಲಿ ತೊಳೆದಿದ್ದ. ನೀರು ತಂದದ್ದು ಇನ್ನೂ ದೊಡ್ಡ ಕಥೆ. ತಗಡಿನ ಡಬ್ಬದಲ್ಲಿ ತರಬಾರದೆಂದು ಪ್ರಯೋಗಶಾಲೆಯ ಗಾಜಿನ ಬುರುಡೆಗಳಿಗೆ ಹುಲ್ಲು ಸುತ್ತಿ ಬುಟ್ಟಿಯಲ್ಲಿ ಕೂರಿಸಿದ್ದ. ಆಗುಂಬೆ ಘಾಟಿಯ ಒಂದೊಂದು ತಿರುವಿನಲ್ಲೂ ಡ್ರೈವರ್ ಮಾಸ್ತಪ್ಪ, "ಹಿಡ್ಕಳ್ರೋ, ಮೇಷ್ಟ್ರ ಸಮುದ್ರ ಚೆಲ್ತದೆ" ಎಂದು ಕೂಗಿ ಇಡೀ ಬಸ್ಸನ್ನು ನಗಿಸಿದ್ದ. ಸುಂದರೇಶನೂ ನಕ್ಕಿದ್ದ, ನಗುವವರು ನಗಲಿ, ಬುರುಡೆ ಒಡೆಯದಿದ್ದರೆ ಸಾಕು. ಉಪ್ಪಿನ ಹದ ನೋಡಲು ಡೈರಿಯಿಂದ ಹಾಲು ಅಳೆಯುವ ಲ್ಯಾಕ್ಟೋಮೀಟರ್ ಕೇಳಿ ತಂದ. ಒಂದಿಷ್ಟು ನೀರು ಬೆರೆಸಿದ ಹಾಲಿಗೆ ಅದು ಎಲ್ಲಿ ನಿಲ್ಲುತ್ತದೋ, ಸಮುದ್ರದ ನೀರಿಗೂ ಸುಮಾರಾಗಿ ಅಲ್ಲೇ ನಿಲ್ಲುತ್ತದೆ ಎಂದು ಕಂಡುಹಿಡಿದಾಗ ಆದ ಖುಷಿಯಲ್ಲಿ ಅವನು ಅಮ್ಮನನ್ನು ಅಡಿಗೆಮನೆಯಿಂದ ಕರೆದು ತೋರಿಸಿದ್ದ. ನೀರು ಆರಿ ಕಮ್ಮಿಯಾದಾಗ ಉಪ್ಪುನೀರು ಹಾಕಬಾರದು, ಬಾವಿಯ ನೀರನ್ನೇ ಹಾಕಬೇಕು, ಯಾಕೆಂದರೆ ಆರುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ. ಗಾಳಿಗೆ ಲಾರಿಯ ಹಳೆಯ ಟ್ಯೂಬು. ಅದಕ್ಕೆ ಸೈಕಲ್ ಪಂಪಿನಿಂದ ಗಾಳಿ ಹೊಡೆದು, ರಬ್ಬರ್ ಕೊಳವೆಗೆ ಕ್ಲಿಪ್ಪು ಹಾಕಿ, ಕೊಳವೆಯ ತುದಿಗೆ ಬೆತ್ತದ ತುಂಡು ಸಿಕ್ಕಿಸಿದರೆ ನೀರಿನಲ್ಲಿ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಏಳುತ್ತಿದ್ದವು. ಅವನು ಶಾಲೆಗೆ ಹೋದ ಮೇಲೆ ಗಾಳಿ ಹೊಡೆಯುವುದು ಅಮ್ಮನ ಪಾಲು. ಕೆಂಪು ಸೀರೆಯ ಸೆರಗನ್ನು ಬಿಗಿಯಾಗಿ ಸುತ್ತಿಕೊಂಡು, ಪಂಪಿನ ಎರಡೂ ಕಾಲು ಮೆಟ್ಟಿ ನಿಂತು ಸುಬ್ಬಲಕ್ಷ್ಮಮ್ಮ ಗಾಳಿ ಹೊಡೆಯುವುದನ್ನು ನೋಡಲು ಪಕ್ಕದ ಮನೆಯವರು ನೆವ ಹುಡುಕಿಕೊಂಡು ಬರುತ್ತಿದ್ದರು.

ಅಮ್ಮ ಒಪ್ಪಿದ್ದೇ ಒಂದು ಆಶ್ಚರ್ಯ. ಮಲ್ಪೆಗೆ ಅವಳೂ ಬಂದಿದ್ದಳು, ಉಡುಪಿಯ ಕೃಷ್ಣನನ್ನು ನೋಡುವ ಆಸೆಯಿಂದ. ಜೀವಮಾನದಲ್ಲಿ ಮೊದಲ ಸಲ ಸಮುದ್ರದ ಎದುರು ನಿಂತವಳು ಅದನ್ನು ಮುಟ್ಟಲಿಲ್ಲ. ಪರ್ವದ ದಿನವಲ್ಲದೆ ಸಮುದ್ರ ಮುಟ್ಟಬಾರದಂತೆ. ಅವನು ಪಂಚೆ ಎತ್ತಿ ಕಟ್ಟಿ ಬಂಡೆಗಳ ನಡುವಿನ ಹೊಂಡಗಳಲ್ಲಿ ಬಲೆ ಆಡಿಸುತ್ತಿದ್ದರೆ ಅವಳು ದೂರದಲ್ಲಿ ಒಣಮರಳಿನ ಮೇಲೆ ಚಪ್ಪಲಿಯಿಲ್ಲದ ಕಾಲು ಜೋಡಿಸಿ ನಿಂತು, ಅಲೆ ಹತ್ತಿರ ಬಂದಾಗಲೆಲ್ಲ ಹಿಂದೆ ಹಿಂದೆ ಸರಿಯುತ್ತಿದ್ದಳು. ಅವಳ ಮುಖದಲ್ಲಿದ್ದ ಆಸೆಯನ್ನು ಅವನು ಬಲೆ ಹಿಡಿದುಕೊಂಡೇ ನೋಡಿದ್ದ. ಬಸ್ಸಿನಲ್ಲಿ ಬುರುಡೆಯ ಮೇಲೆ ಕೈಯಿಟ್ಟು, "ಇದು ಅದೇ ನೀರೇ ಅಲ್ವೇನೋ?" ಎಂದು ಕೇಳಿದಳು. ಅದೇ ನೀರು ಎಂದ. "ಹಂಗಾದ್ರೆ ಅಮಾವಾಸ್ಯೆ ಹುಣ್ಣಿಮೆಗೆ ಮನೇಲೇ ಸಮುದ್ರಸ್ನಾನ ಆಯ್ತು." ಘಾಟಿ ಹತ್ತಿ ಮುಗಿದು, ಆಗುಂಬೆಯ ಗೇಟಿನ ಹತ್ತಿರ ಬಸ್ಸು ನಿಂತಾಗ ಮತ್ತೆ ಕೇಳಿದಳು. "ಅದು ಎಂತ ತಿನ್ನತ್ತೆ?" ಆ ಪ್ರಶ್ನೆಗೆ ಅವನು ಒಂದು ಗಳಿಗೆಯೂ ತಡವರಿಸಲಿಲ್ಲ. ಅದೇ ಅವನಿಗೆ ಈಗ ಚುಚ್ಚುವುದು. "ಚಿಬ್ಬಲಗುಡ್ಡೆ ಮೀನು ಎಂತ ತಿನ್ನತ್ತಮ್ಮ? ಮಂಡಕ್ಕಿ, ಅನ್ನ. ಇದೂ ಅಷ್ಟೆ. ನಮ್ಮನೆಗೆ ಬಂದ್ಮೇಲೆ ನಮ್ಮನೆ ಊಟ." ಅಮ್ಮ ಬುರುಡೆಯ ಬಾಯಿಂದ ಇಣುಕಿ ಮೀನಿನ ಗೆರೆಗಳನ್ನು ನೋಡಿ ನಕ್ಕಿದ್ದಳು. "ಹೌದು ಮಾರಾಯ, ಮೂರು ಗೆರೆ ಎಳ್ಕೊಂಡೇ ಹುಟ್ಟಿದೆ. ವಿಭೂತಿ ಒಂದು ಕಪ್ಪಗಾಯ್ತು, ಬಿಟ್ರೆ ನಮ್ಮೋರೇ. ಮಾಂಸ ಗೀಂಸ ಅಂತ ಮನೆ ಒಳಗೆ ತರಬೇಡ, ಮಾತು ಕೊಡು." ಅವನು ಅವಳ ಅಂಗೈ ಮೇಲೆ ಕೈ ಇಟ್ಟು ಮಾತು ಕೊಟ್ಟ.

ಚಿಬ್ಬಲಗುಡ್ಡೆಗೆ ಅಪ್ಪ ಅವನನ್ನು ಕರೆದುಕೊಂಡು ಹೋಗುತ್ತಿದ್ದದ್ದು ಗಣಪತಿಗೆ ಕಾಯಿ ಒಡೆಸಲು. ಅವನು ಹೋಗುತ್ತಿದ್ದದ್ದು ಮೀನಿಗೆ. ತುಂಗೆಯ ಮೆಟ್ಟಿಲ ಮೇಲೆ ಕೂತು ಮಂಡಕ್ಕಿ ಎರಚಿದರೆ ನೀರು ಕುದಿಯುವಂತೆ ಮೀನು ಏಳುತ್ತಿದ್ದವು, ಒಂದರ ಮೈಮೇಲೆ ಒಂದು ಹತ್ತಿ, ಅಗಲ ಬಾಯಿ ತೆರೆದು, ಅಪ್ಪನ ಅಂಗೈಯಿಂದಲೇ ಬಾಚಿಕೊಳ್ಳುತ್ತಿದ್ದವು. ಒಂದು ದೊಡ್ಡ ಮೀನು ಅವನ ಬೆರಳನ್ನು ಬಾಯಲ್ಲಿ ಇಟ್ಟುಕೊಂಡು, ಹಲ್ಲಿಲ್ಲದ ಮೆತ್ತನೆಯ ಬಾಯಿಂದ ಚೀಪಿ ಬಿಟ್ಟಿತ್ತು. ದೇವರ ಮೀನು, ಕಚ್ಚಲ್ಲ, ಅಂದಿದ್ದರು ಅಪ್ಪ. ಆಮೇಲೆ ಮೈಸೂರಿನಲ್ಲಿ ಬಿ.ಎಸ್ಸಿ. ಓದುವಾಗ ಮೇಣದ ತಟ್ಟೆಯ ಮೇಲೆ ಮೀನಿನ ದವಡೆ ಬಿಡಿಸಿ, ಇದು ಹಸಿರು ತಿನ್ನುವ ದವಡೆ, ಇದು ಜೀವ ಹಿಡಿಯುವ ದವಡೆ ಎಂದು ಚಿತ್ರ ಬರೆದು ತೋರಿಸಿ ಮೇಷ್ಟ್ರಿಂದ ಶಹಭಾಸ್ ಅನ್ನಿಸಿಕೊಂಡವನು ಅವನೇ. ಆ ಇಬ್ಬರು ಸುಂದರೇಶರೂ ಒಬ್ಬರಿಗೊಬ್ಬರು ಪರಿಚಯವಿಲ್ಲದವರ ಹಾಗೆ ಒಂದೇ ಬಸ್ಸಿನಲ್ಲಿ ಕೂತು ಘಾಟಿ ಹತ್ತಿದ್ದರು. ಮಾತು ಕೊಟ್ಟವನು ಮೆಟ್ಟಿಲ ಮೇಲಿನ ಸುಂದರೇಶ. ಮೊದಲ ಕೆಲವು ವಾರವೆಲ್ಲ ಗೆದ್ದದ್ದೂ ಅವನೇ. ಮಂಡಕ್ಕಿ ಹಾಕುತ್ತಿದ್ದ, ಸಂಜೆಗೆ ಮಂಡಕ್ಕಿ ಇರುತ್ತಿರಲಿಲ್ಲ, ಮೀನು ಮಿಂಚುತ್ತ ಓಡಾಡುತ್ತಿತ್ತು. "ತಿಂತಾ ಇದೆ ನೋಡಮ್ಮ" ಎಂದು ಬೀಗಿದ್ದ. ಮಂಡಕ್ಕಿಯನ್ನು ನುಂಗುತ್ತಿದ್ದದ್ದು ಶಂಖದ ಏಡಿ, ಮೀನು ಬದುಕಿದ್ದು ಕಲ್ಲಿನ ಸಂದಿಯಲ್ಲಿ ಸಮುದ್ರದಿಂದಲೇ ಬಂದಿದ್ದ ಸಣ್ಣ ಸಣ್ಣ ಹುಳುಗಳ ಮೇಲೆ ಎನ್ನುವುದು ಅವನಿಗೆ ಗೊತ್ತಾಗುವಷ್ಟರಲ್ಲಿ ಆ ಹುಳುಗಳು ಮುಗಿದಿದ್ದವು.

ಹಿಂದೆ ಸದ್ದಾಯಿತು. ಅಮ್ಮ ಮಡಿಯಲ್ಲಿದ್ದಳು, ಕೈಯಲ್ಲಿ ಪಂಚಪಾತ್ರೆಯ ಉದ್ಧರಣೆ. ಕಳೆದ ಅಮಾವಾಸ್ಯೆ, ಎಳ್ಳಮಾವಾಸ್ಯೆಯ ದಿನ, ಊರಿಗೆ ಊರೇ ತುಂಗೆಯಲ್ಲಿ ಮುಳುಗಲು ಓಡುವಾಗ ಅವಳು ಮಾತ್ರ ಈ ತೊಟ್ಟಿಯಿಂದ ಒಂದು ಉದ್ಧರಣೆ ನೀರು ತಗೊಂಡು ನೆತ್ತಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಚಳಿ ಹಿಡಿದವಳಂತೆ ನಡುಗಿದ್ದಳು. ಇವತ್ತೂ ಅದಕ್ಕೇ ಬಂದಿದ್ದಾಳೆಂದು ಅವನು ಪಕ್ಕಕ್ಕೆ ಸರಿದ. ಅಮ್ಮ ಬಗ್ಗಿ ತೊಟ್ಟಿಯೊಳಗೆ ನೋಡಿದಳು. ಬಹಳ ಹೊತ್ತು ನೋಡಿದಳು. "ಸಣ್ಣದು ಎಲ್ಲೋ?" ಎಂದಳು. ಸಣ್ಣದು ಅಂದರೆ ಮಲ್ಪೆಯಿಂದ ಇದರ ಜೊತೆಗೇ ಬಂದ ಇನ್ನೊಂದು ಮೀನು, ಮರಳಿನದೇ ಬಣ್ಣದ್ದು, ಹೊಟ್ಟೆಯ ಮೇಲೆ ಕೂತು ಕಣ್ಣು ಹೊರಳಿಸುವಂಥದ್ದು. ಅಮ್ಮನಿಗೆ ಅದರ ಮೇಲೆ ಪ್ರೀತಿ ಜಾಸ್ತಿ. ಮೊನ್ನೆಯಿಂದ ಅವನಿಗೂ ಅದು ಕಂಡಿರಲಿಲ್ಲ. ಕಂಡಿಲ್ಲ ಎನ್ನುವುದನ್ನು ಮನಸ್ಸಿಗೆ ತಂದುಕೊಂಡಿರಲಿಲ್ಲ, ಅಷ್ಟೆ. "ಮರಳಲ್ಲಿ ಹೂತ್ಕೊಂಡಿರತ್ತಮ್ಮ, ಅದರ ಅಭ್ಯಾಸ ಅದು" ಎಂದ. ಅಮ್ಮ ಉದ್ಧರಣೆಯನ್ನು ಹಾಗೇ ಹಿಡಿದುಕೊಂಡು ಒಳಗೆ ಹೋದಳು. ನೀರು ತಗೊಳ್ಳಲು ಮರೆತಳು ಎಂದುಕೊಂಡ. ವಯಸ್ಸಾಯಿತು. ಅವಲಕ್ಕಿ ತಿಂದು, ಪ್ಯಾಂಟು ಹಾಕಿಕೊಂಡು, "ಪ್ರದರ್ಶನದ ತಯಾರಿ ಇದೆ, ಮಧ್ಯಾಹ್ನ ಬರಲ್ಲ, ನೀನು ಉಂಡುಬಿಡು" ಎಂದು ಕೂಗಿ ಹೊರಟ. ಗಾಳಿ ಹೊಡೆಯುವ ಪಂಪಿನ ಸದ್ದು ಬೀದಿಯವರೆಗೂ ಕೇಳಿತು.

ಪ್ರದರ್ಶನ ಮುಂದಿನ ವಾರ. ಹೈಸ್ಕೂಲಿನ ವಿಜ್ಞಾನದ ಕೋಣೆಯ ನಡುವೆ ತೊಟ್ಟಿ ಇಟ್ಟು, 'ತೀರ್ಥಹಳ್ಳಿಯಲ್ಲಿ ಸಮುದ್ರ' ಎಂದು ದೊಡ್ಡದಾಗಿ ಬರೆಸುವುದೆಂದು ಅವನು ತೀರ್ಮಾನ ಮಾಡಿದ್ದ. ಸಮುದ್ರ ಘಾಟಿಯ ಬುಡದಲ್ಲೇ ಇದ್ದರೂ ಅದನ್ನು ನೋಡದೆ ಮದುವೆಯಾಗಿ ಮಕ್ಕಳು ಹಡೆದು ಸಾಯುವವರೇ ಇಲ್ಲಿ ಹೆಚ್ಚು. ಅವರಿಗೆಲ್ಲ ತೋರಿಸುತ್ತೇನೆ. ಈ ಉತ್ಸಾಹದಲ್ಲೇ ಅವನು ಉಪಾಧ್ಯಾಯರ ಕೋಣೆಗೆ ಹೆಜ್ಜೆಯಿಟ್ಟದ್ದು. ಹೆಡ್‌ಮಾಸ್ಟರ್ ಕೃಷ್ಣಯ್ಯ ನಶ್ಯದ ಡಬ್ಬಿಯನ್ನು ಬಡಿಯುತ್ತ ಕಾದಿದ್ದವರ ಹಾಗೆ ಕೇಳಿದರು. "ಏನ್ರೀ ಸುಂದರೇಶ್, ನಿಮ್ಮ ಮೀನಿಗೆ ಉಪನಯನ ಆಯ್ತೇನ್ರೀ? ಅಲ್ಲ, ಮಂಡಕ್ಕಿ ತಿಂತಾ ಇದೆ ಅಂತ ಕೇಳ್ದೆ, ಮೂರು ಹೊತ್ತು ಸಂಧ್ಯಾವಂದನೆನೂ ಮಾಡ್ಬಹುದು ಅಂತ." ಕೋಣೆಯೆಲ್ಲ ಗೊಳ್ ಎಂದಿತು. ಡ್ರಿಲ್ ಮಾಸ್ತರರಿಗೆ ನಗು ತಡೆಯಲಾಗದೆ ಚಹಾ ನೆತ್ತಿಗೇರಿತು. ಸುಂದರೇಶ, "ಆಗತ್ತೆ ಸಾರ್, ಬ್ರಹ್ಮೋಪದೇಶಕ್ಕೆ ನೀವೇ ಬರ್ಬೇಕು" ಎಂದು ತಾನೂ ನಕ್ಕ. ಮಾತಿಗೆ ಮಾತು ಸಿಕ್ಕಿತು ಎಂದು ಸಮಾಧಾನಪಟ್ಟುಕೊಂಡರೂ ಕಿವಿ ಬಿಸಿಯಾಗಿತ್ತು. ಅವರು ನಕ್ಕದ್ದಕ್ಕಲ್ಲ. ಇದುವರೆಗೆ ಯಾರು ನಕ್ಕಾಗಲೂ ಅವನ ಬೆನ್ನ ಹಿಂದೆ ಸತ್ಯ ಅನ್ನುವುದು ಇತ್ತು, ನಗುವವರು ದಡ್ಡರು ಎಂದುಕೊಂಡು ನಡೆಯಬಹುದಿತ್ತು. ಇವತ್ತು ಹಿಂದೆ ತಿರುಗಿ ನೋಡಿದರೆ ಅಲ್ಲಿ ಒಂದು ಕಾಳು ಮಂಡಕ್ಕಿ ತೇಲುತ್ತಿತ್ತು.

ಮೂರನೆಯ ಪೀರಿಯಡ್ಡು ಒಂಬತ್ತನೆಯ ಕ್ಲಾಸಿಗೆ. ಪ್ರದರ್ಶನಕ್ಕೆ ಬರುವವರಿಗೆ ವಿವರಿಸಲು ಮಕ್ಕಳನ್ನು ತಯಾರು ಮಾಡಬೇಕಿತ್ತು. ಕಪ್ಪುಹಲಗೆಯ ಮೇಲೆ ಒಂದೇ ಎಳೆತಕ್ಕೆ ಮೀನು ಬರೆದ. ಬೆನ್ನು, ರೆಕ್ಕೆ, ಮೂರು ಗೆರೆ. ಅವನ ಕೈಯಲ್ಲಿ ಚಿತ್ರ ಯಾವತ್ತೂ ಕೆಟ್ಟಿದ್ದಿಲ್ಲ. ಬಾಯಿ ಬರೆಯುವಾಗ ಕೈ ತನ್ನಷ್ಟಕ್ಕೆ ತಾನೇ ದವಡೆಯ ಅಂಚಿನಲ್ಲಿ ಸಣ್ಣ ಸಣ್ಣ ಹಲ್ಲುಗಳನ್ನು ಗೀರಿತು. ಪಕ್ಕದಲ್ಲಿ 'ಆಹಾರ' ಎಂದು ಬರೆದು, ಮುಂದೆ ಎರಡು ಚುಕ್ಕೆಯಿಟ್ಟು ನಿಂತ. ಅವನು ಕೇಳಿರಲಿಲ್ಲ. ಆದರೂ ಹಲಗೆಯ ಮೇಲೆ ಎರಡು ಚುಕ್ಕೆ ಕಂಡರೆ ಉತ್ತರ ಹೇಳಬೇಕೆಂದು ಅವನೇ ಕಲಿಸಿದ್ದ ಮಕ್ಕಳು, ಹೋದ ವರ್ಷ ಅವನೇ ಬಾಯಿಪಾಠ ಮಾಡಿಸಿದ್ದನ್ನು ಮಗ್ಗಿ ಹೇಳುವಂತೆ ಒಟ್ಟಿಗೆ ಹೇಳಿದರು. "ದವಡೆಯಲ್ಲಿ ಹಲ್ಲುಳ್ಳ ಮೀನು ಮಾಂಸಾಹಾರಿ. ಸೀಗಡಿ, ಹುಳು ಮತ್ತು ತನಗಿಂತ ಚಿಕ್ಕ ಮೀನುಗಳನ್ನು ತಿನ್ನುತ್ತದೆ ಸಾರ್." ಸಾರ್ ಎನ್ನುವುದು ಗೋಡೆಗೆ ಬಡಿದು ವಾಪಸ್ಸು ಬಂತು. ತನಗಿಂತ ಚಿಕ್ಕ ಮೀನುಗಳನ್ನು. ಸೀಮೆಸುಣ್ಣ ಹಿಡಿದ ಕೈ ಹಾಗೇ ಮೇಲಿತ್ತು. ಮರಳಿನಲ್ಲಿ ಯಾವುದೂ ಹೂತುಕೊಂಡಿಲ್ಲ. ಮೂರು ಗೆರೆಯದಕ್ಕೆ ಹಸಿವು ತಡೆಯಲಾಗಲಿಲ್ಲ, ಸಣ್ಣದಕ್ಕೆ ಓಡಿಹೋಗಲು ಸಮುದ್ರ ಇರಲಿಲ್ಲ. ಗಾಜಿನ ನಾಲ್ಕು ಗೋಡೆ ಕಟ್ಟಿ, ಒಳಗೆ ಒಂದನ್ನು ಉಪವಾಸ ಕೆಡವಿ, ಅದರ ಬಾಯಿಯ ಮುಂದೆ ಇನ್ನೊಂದನ್ನು ಇಟ್ಟು, ನಮ್ಮನೆ ಊಟ ನಮ್ಮನೆ ಊಟ ಎಂದು ಬೀಗಿದವನು ತಾನು. "ಸರಿ" ಎಂದ. "ಸರಿಯಾದ ಉತ್ತರ. ಕೂತ್ಕೊಳ್ಳಿ." ಅವರು ಕೂತೇ ಇದ್ದರು. ಅವನು ಎರಡು ಚುಕ್ಕೆಗಳ ಮುಂದೆ 'ಸೀಗಡಿ' ಎಂದು ದಪ್ಪ ಅಕ್ಷರದಲ್ಲಿ ಬರೆದ.

ಬರೆದ ಮೇಲೆ ಒಂದು ಥರದ ಧೈರ್ಯ ಬಂತು. ಧೈರ್ಯ ಅವನ ಹುಟ್ಟುಗುಣವೇ. ನಡುವೆ ಎಲ್ಲೋ ಒಂದು ತಿಂಗಳು ಅದನ್ನು ತಪ್ಪು ಕೆಲಸಕ್ಕೆ ಹಚ್ಚಿದ್ದ. ಎರೆಹುಳ ಅಗೆಯಬಹುದಿತ್ತು, ಹಿತ್ತಲಲ್ಲೇ, ಅಮ್ಮನಿಗೆ ತಿಳಿಯದ ಹಾಗೆ. ಮಧ್ಯಾಹ್ನದ ಬಿಡುವಿನಲ್ಲಿ ಆ ಯೋಚನೆಯೂ ಬಂತು, ಬಂದದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು. ಹುಳವಾದರೆ ಮಾಂಸವಲ್ಲವೇ? ಕದ್ದು ಹಾಕಿದರೆ ಮಾತು ಉಳಿಯುತ್ತದೆಯೇ? ಅಮ್ಮ ಬರುವ ಹುಣ್ಣಿಮೆಗೆ ಬಂದು ಅದೇ ನೀರನ್ನು ತೀರ್ಥವೆಂದು ನೆತ್ತಿಗೆ ಹಾಕಿಕೊಂಡು ನಡುಗುವಾಗ ತಾನು ಪಕ್ಕದಲ್ಲಿ ಎಂಥ ಮುಖ ಇಟ್ಟುಕೊಂಡು ನಿಲ್ಲುವುದು? ಹೇಳಿಯೇ ತರುತ್ತೇನೆ. ಬೈಯಲಿ. ಬೇಡವೆಂದರೆ ತೊಟ್ಟಿಯನ್ನು ಶಾಲೆಗೆ ಸಾಗಿಸುತ್ತೇನೆ. ಆದರೆ ಆಗ ಅವಳ ಸಮುದ್ರ ಹೋಗುತ್ತದೆ. ಒಣಮರಳಿನ ಮೇಲೆ ಹಿಂದೆ ಹಿಂದೆ ಸರಿಯುತ್ತಿದ್ದ ಆ ಎರಡು ಕಾಲುಗಳು ನೆನಪಾಗಿ ಅವನಿಗೆ ಪೇಚಾಯಿತು. ಒಂದು ಕಡೆ ಮೀನಿನ ಪ್ರಾಣ, ಇನ್ನೊಂದು ಕಡೆ ಅಮ್ಮನ ಸಮುದ್ರ. ಎರಡೂ ಇರುವುದು ಅದೇ ತೊಟ್ಟಿಯಲ್ಲಿ, ಅದೇ ನೀರಿನಲ್ಲಿ.

ಸಂತೆಯೂ ಅವತ್ತೇ ಇತ್ತು. ಶಾಲೆ ಬಿಟ್ಟವನು ನೇರ ಮೀನಿನ ಸಾಲಿಗೆ ನಡೆದ. ಹುಟ್ಟಿದೂರಿನಲ್ಲಿ ಇಷ್ಟು ವರ್ಷ ಇದ್ದೂ ಆ ಸಾಲಿಗೆ ಅವನು ಕಾಲಿಟ್ಟಿರಲಿಲ್ಲ. ಅಮ್ಮನ ಜೊತೆ ಬಂದಾಗ ಈ ತಿರುವಿನಲ್ಲಿ ಮೂಗು ಮುಚ್ಚಿಕೊಂಡು ಬೆಲ್ಲದ ಅಂಗಡಿಯ ಕಡೆಗೆ ಹೊರಳುವುದು ರೂಢಿ. ಇವತ್ತು ಮೂಗು ಮುಚ್ಚಿಕೊಳ್ಳಬಾರದೆಂದು ಹಟ ಹಿಡಿದು ಉಸಿರೆಳೆದ. ಒಣಮೀನಿನ ರಾಶಿಗಳ ತುದಿಯಲ್ಲಿ ಗುತ್ಯಮ್ಮ ಕೂತಿದ್ದಳು. ಅವಳ ಮಗ ಅವನ ಕ್ಲಾಸಿನಲ್ಲೇ ಓದಿದವನು. ಎದುರಿನ ಮರಿಗೆಯಲ್ಲಿ ಹೊಳೆಯ ಸೀಗಡಿ, ಬೂದಿ ಬಣ್ಣದ್ದು, ಇನ್ನೂ ಮಿಸುಕುತ್ತಿತ್ತು. ಅವನನ್ನು ಕಂಡು ಅವಳು ಗಡಬಡಿಸಿ ಸೆರಗು ಸರಿಮಾಡಿಕೊಂಡಳು.

"ಎಂತ ಮೇಷ್ಟ್ರೆ, ದಾರಿ ತಪ್ಪಿ ಬಂದ್ರಾ?"

"ಇಲ್ಲ, ಸೀಗಡಿ ಬೇಕು. ಒಂದು ಹಿಡಿ ಸಾಕು."

ಗುತ್ಯಮ್ಮ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದಳು. ಆಮೇಲೆ ದನಿ ತಗ್ಗಿಸಿ, ಬಹಳ ಕಾಲದ ಪರಿಚಯದವಳ ಹಾಗೆ, ಮುಂದಕ್ಕೆ ಬಗ್ಗಿದಳು. "ಇಲ್ಲಿ ನಿಂತ್ಕಬ್ಯಾಡಿ, ಹೋಗಿ. ಕತ್ತಲಾದ್ಮೇಲೆ ಹಿತ್ಲ ಬಾಗ್ಲಿಗೆ ಕಳಿಸ್ತೀನಿ. ಯಾರಿಗೂ ಗೊತ್ತಾಗಲ್ಲ. ನಿಮ್ಮ ಬೀದಿಯೋರಿಗೆ ಕೊಟ್ಟು ನಂಗೆ ಅಭ್ಯಾಸ ಐತೆ."

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಮೈಯೆಲ್ಲ ಉರಿಯಿತು, ಹಿಂದೆಯೇ ನಗು ಬಂತು. ನಮ್ಮ ಬೀದಿಯೋರು! ಯಾರಿರಬಹುದೆಂದು ಮನಸ್ಸು ಮನೆ ಮನೆಯ ಹಿತ್ತಲಿಗೂ ಹೋಗಿ ಇಣುಕಿತು. "ನಂಗಲ್ಲ ಗುತ್ಯಮ್ಮ, ಮೀನಿಗೆ. ಮನೇಲಿ ಮೀನು ಸಾಕಿದೀನಿ, ಸಮುದ್ರದ್ದು."

"ಹೌದೌದು," ಎಂದಳು ಅವಳು, ಗಂಭೀರವಾಗಿ. "ಅವ್ರೂ ಒಬ್ರು ಬೆಕ್ಕಿಗೆ ಅಂತಾರೆ."

ಅವಳನ್ನು ನಂಬಿಸುವ ಆಸೆಯನ್ನು ಅಲ್ಲೇ ಬಿಟ್ಟ. "ಕಟ್ಕೊಡಿ, ಈಗಲೇ ತಗೊಂಡು ಹೋಗ್ತೀನಿ. ಮುಂದಿನ ಬಾಗ್ಲಿಂದ." ಸಾಗುವಾನಿ ಎಲೆಯಲ್ಲಿ ಸುತ್ತಿ ಬಾಳೆಪಟ್ಟೆಯ ದಾರ ಬಿಗಿಯುವಾಗಲೂ ಅವಳು, ಬ್ಯಾಗಿನೊಳಗೆ ಇಟ್ಟುಕೊಳ್ಳಿ ಎಂದು ಕಣ್ಣಿನಲ್ಲೇ ಹೇಳಿದಳು. ಅವನು ಪೊಟ್ಟಣವನ್ನು ಕೈಯಲ್ಲಿ ಎದ್ದು ಕಾಣುವ ಹಾಗೆ ಹಿಡಿದುಕೊಂಡ.

ಸಂತೆಯಿಂದ ಮನೆಗೆ ಹೋಗಲು ಹೊಳೆಯ ದಂಡೆಯ ದಾರಿಯೂ ಇತ್ತು, ಯಾರೂ ಸಿಗದ ದಾರಿ. ಸುಂದರೇಶ ದೇವಸ್ಥಾನದ ಬೀದಿಯನ್ನೇ ಹಿಡಿದ. ಎಲೆಯ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು, ಪ್ಯಾಂಟಿನ ಮೇಲೆ ಬೀಳುತ್ತಿತ್ತು, ವಾಸನೆ ಅವನಿಗಿಂತ ಎರಡು ಹೆಜ್ಜೆ ಮುಂದೆ ಹೋಗಿ ಜಗಲಿ ಜಗಲಿಗೂ ಸುದ್ದಿ ಮುಟ್ಟಿಸುತ್ತಿತ್ತು. ಬೆಳಿಗ್ಗೆ ಅವನ ಕೈಯಲ್ಲಿ ತರ್ಪಣ ಬಿಡಿಸಿದ ಪುರೋಹಿತರು ಮುಕುಂದಯ್ಯ ಜಗಲಿಯ ಮೇಲೆ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. "ಎಂತದೋ ಸುಂದರೇಶ ಕೈಲಿ?" ಎಂದರು. ಇಲ್ಲಿ ಹೂವು ಅನ್ನಬಹುದು, ಬಾಳೆಕಾಯಿ ಅನ್ನಬಹುದು, ಅವರ ಕಣ್ಣು ಅಷ್ಟೇನೂ ಚುರುಕಲ್ಲ. ಮೂಗು ಚುರುಕು. "ಸೀಗಡಿ ಭಟ್ರೆ," ಎಂದ, ಬೀದಿಗೆಲ್ಲ ಕೇಳುವ ಹಾಗೆ, ಕ್ಲಾಸಿನ ದನಿಯಲ್ಲಿ. "ಮನೆಯ ಮೀನಿಗೆ. ಹಸಿದು ಸಾಯ್ತಾ ಇದೆ." ಮುಕುಂದಯ್ಯರ ಸುಣ್ಣದ ಬೆರಳು ಎಲೆಯ ಮೇಲೆ ನಿಂತಿತು. "ಅಮಾವಾಸ್ಯೆ ದಿನವೇನೋ!" ಎಂದರು, ಸಿಟ್ಟಿಗಿಂತ ಸಂಕಟದಲ್ಲಿ. "ಹಸಿವಿಗೆ ತಿಥಿ ಗೊತ್ತಿಲ್ವಲ್ಲ ಭಟ್ರೆ." ಮುಂದಿನ ತಿಂಗಳ ತರ್ಪಣಕ್ಕೆ ಇವರು ಬರುತ್ತಾರೋ ಇಲ್ಲವೋ. ಬರದಿದ್ದರೆ ತಾನೇ ಮಂತ್ರ ಹೇಳಿಕೊಳ್ಳುತ್ತೇನೆ, ಬಾಯಿಗೆ ಬರುತ್ತದೆ. ಎರಡೂ ಕಡೆಯ ಕಿಟಕಿಗಳಲ್ಲಿ ಮುಖಗಳು ಮೂಡುತ್ತಿದ್ದವು. ಯಾವ ಮುಖ ಗುತ್ಯಮ್ಮನ ಗಿರಾಕಿಯದು ಎಂದು ಅಳೆಯುತ್ತ ನಡೆದದ್ದರಿಂದ ಆ ಬೀದಿ ಅವನಿಗೆ ಅಂದುಕೊಂಡಷ್ಟು ಉದ್ದವೆನಿಸಲಿಲ್ಲ.

ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಬೆಳಗಿನ ಅದೇ ಕೆಂಪು ಸೀರೆ, ಮುಖ ಬಾಡಿತ್ತು. ಅವನ ಕೈಯನ್ನು ನೋಡಿದಳು, ತೊಟ್ಟಿಕ್ಕುವ ಎಲೆಯನ್ನು ನೋಡಿದಳು. ಇಡೀ ಬೀದಿಯಲ್ಲಿ ನೆಟ್ಟಗಿದ್ದ ಅವನ ಬೆನ್ನು ಆ ಮೆಟ್ಟಿಲ ಬುಡದಲ್ಲಿ ಬಾಗಿತು. ಆದರೂ ದಾರಿಯುದ್ದಕ್ಕೂ ಮನಸ್ಸಿನಲ್ಲಿ ತಿದ್ದಿಕೊಂಡು ಬಂದದ್ದನ್ನು ಹೇಳಿಯೇಬಿಟ್ಟ.

"ಅಮ್ಮ, ಇದು ಸೀಗಡಿ. ಮಂಡಕ್ಕಿ ತಿನ್ನತ್ತೆ ಅಂತ ನಿಂಗೆ ಹೇಳಿದ್ದು ಸುಳ್ಳು. ಅದು ಒಂದು ದಿನವೂ ತಿಂದಿಲ್ಲ. ನಂಗೆ ಗೊತ್ತಿತ್ತು, ಗೊತ್ತಿದ್ದೂ ಮಾತು ಕೊಟ್ಟೆ. ಹಟಕ್ಕೆ ಬಿದ್ದೆ. ಈಗ ಇದನ್ನ ಹಾಕ್ದೆ ಇದ್ರೆ ಅದು ಸಾಯತ್ತೆ. ಹಾಕಿದ್ರೆ ಮಾತು ಹೋಗತ್ತೆ. ನೀನು ಹೆಂಗೆ ಹೇಳ್ತೀಯೋ ಹಂಗೆ."

"ಸಣ್ಣದನ್ನ ಅದು ತಿಂತಲ್ಲ," ಎಂದಳು ಅಮ್ಮ.

ಅವನು ತಲೆಯೆತ್ತಿದ.

"ನಾನು ನೋಡ್ದೆ ಕಣೋ. ಮೊನ್ನೆ ದೀಪ ಹಚ್ಚೋ ಹೊತ್ತಲ್ಲಿ. ಗಾಳಿ ಹೊಡೀತಾ ಇದ್ದೆ. ಸಣ್ಣದು ಕಲ್ಲಿನ ಈ ಕಡೆಯಿಂದ ಆ ಕಡೆ, ಆ ಕಡೆಯಿಂದ ಈ ಕಡೆ... ನಂಗೆ ಕೈ ಹಾಕಿ ತೆಗೀಬೇಕು ಅಂತ. ಅಷ್ಟರಲ್ಲಿ ಆಗ್ಹೋಯ್ತು." ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ನಂಗ್ಯಾಕೆ ಹೇಳ್ಲಿಲ್ಲಮ್ಮ?"

"ಎಂತ ಅಂತ ಹೇಳ್ಲಿ? ನೀನು ಅಷ್ಟು ಖುಷಿಯಲ್ಲಿ ಮಂಡಕ್ಕಿ ಹಾಕ್ತಾ ಕೂತಿದ್ದೆ. ಮಾತು ಕೇಳಿದವಳು ನಾನು, ಕೊಟ್ಟವನು ನೀನು. ಉಪವಾಸ ಬಿದ್ದಿದ್ದು ಅದು. ಸತ್ತಿದ್ದು ನಮ್ಮ ಮೂರು ಜನದಲ್ಲಿ ಯಾರೂ ಅಲ್ಲ."

ಕಣ್ಣು ತುಂಬ ನೀರು ಬಂತು. ಬರಲಿ ಎಂದು ಬಿಟ್ಟ.

"ಬೆಳಿಗ್ಗೆ ನೀನು ನೀರು ತಗೊಳ್ದೆ ಹೋದ್ಯಲ್ಲ," ಎಂದ. "ಮರೆತೆ ಅಂದ್ಕೊಂಡೆ."

"ಮರೆಯೋದೆಲ್ಲಿ ಬಂತು? ಉದ್ಧರಣೆ ಅದ್ದಕ್ಕೆ ಹೋದೆ. ಅದು ಕಲ್ಲಿನ ಹತ್ರ ನಿಂತ್ಕೊಂಡು ನನ್ನೇ ನೋಡ್ತಾ ಇತ್ತು. ಹಸಿದ ಜೀವಾನ ಕೂಡಿ ಹಾಕಿದ ನೀರನ್ನ ತೀರ್ಥ ಅಂತ ಹೆಂಗೋ ತಲೆಗೆ ಹಾಕ್ಕೊಳ್ಳದು?"

"ಮತ್ತೆ ಸಮುದ್ರಸ್ನಾನ?"

"ಆಗಿಲ್ಲ."

"ಊಟ?"

"ಸ್ನಾನ ಆಗ್ದೆ ಊಟ ಎಲ್ಲಿಂದ?" ಎಂದು ಗದರಿದಳು. ಅದು ಅವನಿಗೆ ಗೊತ್ತಿದ್ದ ಅಮ್ಮನ ದನಿ. "ನಿಂತೇ ಇರ್ತೀಯ? ಚಾವಡಿ ಬಾಗ್ಲಿಂದ ಬಾ, ಅಡಿಗೆಮನೆ ಕಡೆ ಹೆಜ್ಜೆ ಇಟ್ಟೀಯ ಹುಷಾರ್. ಆ ಎಲೆ ನೆಲಕ್ಕೆ ತಾಗಬಾರ್ದು. ಕೈ ಕಿಟಕಿ ಆಚೆ ತೊಳಿ."

ಅವನು ಪೊಟ್ಟಣ ಬಿಚ್ಚಿ, ಒಂದು ಸೀಗಡಿಯ ಸಿಪ್ಪೆ ಬಿಡಿಸಿದ. ಮೇಣದ ತಟ್ಟೆಯ ಮೇಲೆ ಎಷ್ಟೋ ಜೀವಗಳನ್ನು ಬಿಡಿಸಿದ್ದ ಕೈ ಸ್ವಲ್ಪವೂ ಅಲುಗಲಿಲ್ಲ. ಚಿಟಿಕೆಯಷ್ಟನ್ನು ನೀರಿಗೆ ಬಿಟ್ಟ. ಅದು ಮಂಡಕ್ಕಿಯ ಹಾಗೆ ತೇಲಲಿಲ್ಲ, ಮೆಲ್ಲಗೆ ಇಳಿಯಿತು. ಮೀನು ಕಲ್ಲಿನ ಹತ್ತಿರ ಬಾಲ ಹಾಕಿ ನಿಂತಿದ್ದದ್ದು ತಿರುಗಿತು. ಬಂದದ್ದು ಕಾಣಲಿಲ್ಲ, ಸೀಗಡಿ ಇದ್ದ ಜಾಗದಲ್ಲಿ ಮೂರು ಗೆರೆ ಇತ್ತು, ಅಷ್ಟೆ. ನುಂಗಿ, ನೀರಿನ ಮೇಲ್ಮಟ್ಟಕ್ಕೆ ಬಂದು, ಅವನ ಬೆರಳಿನ ಕಡೆಗೇ ಮುಖ ಮಾಡಿ ನಿಂತಿತು. ಇನ್ನೊಂದು ಹಾಕಿದ. ಮತ್ತೊಂದು ಹಾಕಿದ. ಅಮ್ಮ ಉಸಿರು ಬಿಗಿಹಿಡಿದು ನೋಡುತ್ತಿದ್ದವಳು, "ಅಯ್ಯೋ ನನ್ನಪ್ಪ, ಎಷ್ಟು ಹಸಿದಿತ್ತೋ" ಎಂದಳು. ಚಿಬ್ಬಲಗುಡ್ಡೆಯ ಮೀನುಗಳನ್ನು ಕಂಡಾಗ ಅಪ್ಪ ಆಡುತ್ತಿದ್ದ ಮಾತು ಅದೇ, ಅದೇ ರಾಗದಲ್ಲಿ.

"ಸಾಕು, ಅಜೀರ್ಣ ಆಗತ್ತೆ" ಎಂದು ಅವನ ಕೈಯನ್ನು ತಡೆದು ಅವಳು ಒಳಗೆ ಹೋದಳು. ಬಂದಾಗ ಕೈಯಲ್ಲಿ ಉದ್ಧರಣೆಯಿತ್ತು. ಸುಂದರೇಶನಿಗೆ ಗಾಬರಿಯಾಯಿತು.

"ಅಮ್ಮ, ಸೀಗಡಿ ಹಾಕಿದೀನಿ ಈಗಷ್ಟೆ. ನೋಡು, ಚೂರು ಇನ್ನೂ ತಳದಲ್ಲಿ ಬಿದ್ದಿದೆ."

"ಮಲ್ಪೆ ಸಮುದ್ರದಲ್ಲಿ ಸೀಗಡಿ ಇರ್ಲಿಲ್ವೇನೋ?" ಎಂದಳು ಅಮ್ಮ. ಉದ್ಧರಣೆಯನ್ನು ಅದ್ದಿ ತೆಗೆದು ನೆತ್ತಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿದಳು. ನೀರು ಹಣೆಯಿಂದ ಇಳಿದು ಮೂಗಿನ ತುದಿಯಲ್ಲಿ ನಿಂತಿತು. ಅವಳು ನಡುಗಿದಳು. ಆಮೇಲೆ ಕಣ್ಣು ತೆರೆದು, ಅವನ ಸೀಗಡಿ ವಾಸನೆಯ ಕೈಗಳಿಂದ ಮಾರು ದೂರ ಸರಿದು ಹೇಳಿದಳು. "ಹೋಗು, ನೀನು ತಲೆ ತುಂಬ ನೀರು ಹೊಯ್ಕೊಂಡು ಬಂದು ಎಲೆ ಹಾಕು. ನಂಗೂ ಹಸಿವು ಮಾರಾಯ, ಬೆಳಗಿಂದ."